ಇಕ್ಕಳದ ಮುರಿದ ಹಲ್ಲು

ಎಸ್ಬೆನ್ ರಾವ್ನ್ ಕಟ್ಟಿದ ತಂತಿ ಬಿಚ್ಚಿಕೊಂಡದ್ದನ್ನು ಸ್ಕೋವ್‌ಬಿಯಲ್ಲಿ ಯಾರೂ ನೋಡಿರಲಿಲ್ಲ. ಈ ಮಾತನ್ನು ಊರವರಿಗಿಂತ ಹೆಚ್ಚು ಸಲ ಹೇಳಿದವನು ಎಸ್ಬೆನ್ನನೇ. ರೈಲ್ವೆಯ ಟೆಲಿಗ್ರಾಫ್ ಕಂಬಗಳ ಮೇಲೆ ಹದಿನೆಂಟು ವರ್ಷ ಕಳೆದು ಬಂದವನು. ಅಯೋವಾದ ನಮ್ಮ ಡೇನಿಶ್ ರೈತರು ಬೆಣ್ಣೆಗೊಂದು ಸಂಘ ಮಾಡಿಕೊಂಡ ಹಾಗೆಯೇ ಟೆಲಿಫೋನಿಗೂ ಒಂದು ಸಂಘ ಮಾಡಿಕೊಂಡಾಗ, ಲೈನ್‌ಮನ್ ಯಾರು ಎಂದು ಯಾರೂ ಕೇಳಲೇ ಇಲ್ಲ.

ಕೆಲಸ ನೋಡುವುದಕ್ಕೆ ಸುಲಭ. ಕಂಬದ ಅಡ್ಡಪಟ್ಟಿಯ ಮೇಲೆ ಕವುಚಿಟ್ಟ ಲೋಟದಂಥ ಹಸಿರು ಗಾಜು, ಅದರ ಸೊಂಟದ ಸುತ್ತ ಒಂದು ತೋಡು. ತಂತಿಯನ್ನು ಆ ತೋಡಿಗೆ ಒರಗಿಸಿ, ಮೊಳದುದ್ದದ ಇನ್ನೊಂದು ತುಂಡು ತಂತಿಯನ್ನು ಗಾಜಿನ ಸುತ್ತ ಬಳಸಿ ತಂದು, ಎರಡೂ ಕಡೆ ಸುತ್ತಿ ಬಿಗಿಯಬೇಕು. ಮಿಕ್ಕವರು ಅಷ್ಟಕ್ಕೆ ಕೆಳಗಿಳಿಯುತ್ತಿದ್ದರು. ಎಸ್ಬೆನ್ ಇಳಿಯುತ್ತಿರಲಿಲ್ಲ. ಕೊನೆಯ ಸುತ್ತನ್ನು ಇಕ್ಕಳದಲ್ಲಿ ಹಿಡಿದು, ತಂತಿ ಕಿರ್ರೆನ್ನುವ ತನಕ ಹಿಂಡುತ್ತಿದ್ದ. ಹಿಂದೊಮ್ಮೆ ಬೇಲಿಯ ಮೊಳೆ ಕೀಳುವಾಗ ಆ ಇಕ್ಕಳದ ಒಂದು ಹಲ್ಲು ಮುರಿದಿತ್ತು. ಹೊಸದು ಕೊಳ್ಳೆಂದು ಹೆಂಡತಿ ಡೋರ್ತೆ ಹೇಳಿದರೆ, "ಹಲ್ಲಿದ್ದೋರಿಗಿಂತ ಚೆನ್ನಾಗಿ ಕಚ್ಚತ್ತೆ ಇದು" ಎನ್ನುತ್ತಿದ್ದ.

ಸಾವಿರದ ಒಂಬೈನೂರ ಹನ್ನೊಂದರಲ್ಲಿ ಊರಿಗೆ ತಾಮ್ರದ ತಂತಿ ಬಂತು. ತಂದವನು ಸಂಘದ ಅಧ್ಯಕ್ಷ ತೋರ್ವಾಲ್ಡ್, ಎಸ್ಬೆನ್ ಬಂದ ಹಡಗಿನಲ್ಲೇ ಬಂದವನು. ಮನೆಗಳೆಲ್ಲ ಒಂದೇ ಲೈನಿನಲ್ಲಿದ್ದವು, ಯಾರು ರಿಸೀವರ್ ಎತ್ತಿದರೂ ಎಲ್ಲರ ಮಾತೂ ಕೇಳಬೇಕು; ಆದರೆ ಹಳೆಯ ಕಬ್ಬಿಣದ ತಂತಿಯಲ್ಲಿ ಮಾತು ಏಳೆಂಟು ಮೈಲಿ ಹೋಗುವಷ್ಟರಲ್ಲಿ ಸೊರಗುತ್ತಿತ್ತು. ಹನ್ನೊಂದನೆಯ ಮೈಲಿಯಲ್ಲಿ, ಲೈನಿನ ಕಟ್ಟಕಡೆಯ ಮನೆಯಲ್ಲಿದ್ದ ಬೋಡಿಲ್ ಅಜ್ಜಿಗೆ ಕೇಳಿಸುತ್ತಿದ್ದುದು ಕೋಳಿ ಕೆದಕುವ ಸದ್ದೊಂದೇ. ಎಸ್ಬೆನ್ ಮಾತ್ರ ಮೂಗು ಮುರಿದ.

"ಇದೇನು ತಂತಿನೋ ಬೆಣ್ಣೆನೋ? ಒಂದು ಚಳಿಗಾಲ ತಡೆದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

"ಹೆಸರು ಆಮೇಲೆ ಬದಲಾಯಿಸ್ಕೋ. ಮೊದಲು ಕಂಬ ಹತ್ತು" ಎಂದ ತೋರ್ವಾಲ್ಡ್.

ಹತ್ತಿದ. ಒಲ್ಲದ ಮನಸ್ಸಿನಿಂದ ಕೆಲಸ ಕೆಡಿಸುವ ಜಾತಿಯಲ್ಲ ಅವನು. ಮುನ್ನೂರ ಮೂವತ್ತು ಕಂಬ, ಕಂಬಕ್ಕೆರಡು ಗಾಜು. ಬೇಸಿಗೆಯೆಲ್ಲ ಒಂದೊಂದು ಕಟ್ಟನ್ನೂ ತನ್ನ ಇಕ್ಕಳದಿಂದ ತೃಪ್ತಿಯಾಗುವಷ್ಟು ಹಿಂಡಿದ.

ನವೆಂಬರಿನ ಮೊದಲ ಹಿಮ ಬಿದ್ದ ಬೆಳಿಗ್ಗೆ ಮೂರು ಕಡೆ ತಂತಿ ತುಂಡಾಯಿತು. ವಾರದೊಳಗೆ ಒಂಬತ್ತು ಕಡೆ. ಎಲ್ಲವೂ ಗಾಜಿನ ಪಕ್ಕದಲ್ಲೇ. ತೋರ್ವಾಲ್ಡ್ ಊರವರೆಲ್ಲ ಹಾಲು ತಂದು ಹರಟುವ ಬೆಣ್ಣೆ ಸಂಘದ ಡೈರಿಯ ಹತ್ತಿರ ಸುಳಿಯುವುದನ್ನೇ ಬಿಟ್ಟ. ಎಸ್ಬೆನ್ ದಿನಕ್ಕೆರಡು ಸಲ ಹೋಗಿ, ಕೇಳಿದವರಿಗೂ ಕೇಳದವರಿಗೂ ಬೆಣ್ಣೆ ತಂತಿಯ ಕಥೆ ಹೇಳಿದ. ತಾಮ್ರವನ್ನೆಲ್ಲ ಕಿತ್ತು ಮತ್ತೆ ಕಬ್ಬಿಣ ಎಳೆಯುವ ಮಾತು ಶನಿವಾರದ ಸಭೆಗೆ ಬರುವುದೆಂದಾಯಿತು.

ಶುಕ್ರವಾರ ಮಧ್ಯಾಹ್ನ ಒಂಬತ್ತನೆಯ ತುಂಡನ್ನು ಕೂಡಿಸಲು ಬೋಡಿಲ್ ಅಜ್ಜಿಯ ತೋಟದ ಪಕ್ಕದ ಕಂಬ ಹತ್ತಿದ. ಹಿಂದಿನ ಎಂಟನ್ನೂ ಗಡಿಬಿಡಿಯಲ್ಲಿ ಕೂಡಿಸಿದ್ದ. ಇವತ್ತು ಬಿಸಿಲಿತ್ತು, ಬಿಡುವಿತ್ತು. ಮುರಿದ ತುದಿಯನ್ನು ಕಣ್ಣಿನ ಹತ್ತಿರ ತಂದ. ಮುರಿದ ಮುಖದಲ್ಲಿ ಅರ್ಧ ಹೊಳೆಯುತ್ತಿತ್ತು, ಅರ್ಧ ಕಪ್ಪಗಿತ್ತು. ಕಪ್ಪಾದ ಭಾಗ ಹಳೆಯ ಗಾಯ. ಅದರ ಪಕ್ಕದಲ್ಲಿ ಸಾಲಾಗಿ ಸಣ್ಣ ಗೀರುಗಳು, ನಡುವೆ ಒಂದು ಗೀರಿನಷ್ಟು ಜಾಗ ಖಾಲಿ. ಎಸ್ಬೆನ್ ಇಕ್ಕಳ ತೆಗೆದು ಗೀರುಗಳ ಮೇಲೆ ಇಟ್ಟ. ಹಲ್ಲಿಗೆ ಹಲ್ಲು ಕೂತಿತು. ಮುರಿದ ಹಲ್ಲಿನ ಎದುರಿಗೆ ತಂತಿ ನುಣ್ಣಗಿತ್ತು.

ಕಬ್ಬಿಣ ಎಷ್ಟು ಕಚ್ಚಿದರೂ ತಡೆಯುತ್ತದೆ. ತಾಮ್ರಕ್ಕೆ ಗೀರು ಬಿದ್ದರೆ, ಚಳಿಗೆ ತಂತಿ ಕುಗ್ಗಿ ಬಿಗಿದಾಗ ಗೀರು ಬಾಯಿ ಬಿಡುತ್ತದೆ. ತಾಮ್ರ ಕೆಟ್ಟದ್ದಲ್ಲ. ಕೆಟ್ಟದ್ದು ಹದಿನೆಂಟು ವರ್ಷದ ಕೈ. ಅದು ಗೊತ್ತಿದ್ದುದು ಅವನೊಬ್ಬನಿಗೇ. ಆ ತುಂಡನ್ನು ಜೇಬಿಗೆ ಹಾಕಿಕೊಂಡು ಇಳಿದ.

ಮನೆಯಲ್ಲಿ ಡೋರ್ತೆ ಹಂದಿಮಾಂಸದ ಸಾಸೇಜ್ ಮಾಡುತ್ತಿದ್ದಳು.

"ಏನಾಯ್ತು? ಗೆದ್ದವರ ಮುಖ ಹಿಂಗಿರತ್ತಾ?"

ಅವನು ತುಂಡನ್ನೂ ಇಕ್ಕಳವನ್ನೂ ತೋರಿಸಿ ಎಲ್ಲ ಹೇಳಿದ. "ನಾಳೆ ಬಾಯಿ ಮುಚ್ಕೊಂಡಿದ್ರೆ ಗೆದ್ದೆ. ಬಿಟ್ರೆ ಕೆಲಸ ಹೋಯ್ತು."

"ಇಪ್ಪತ್ತು ವರ್ಷದಲ್ಲಿ ನೀನು ಬಾಯಿ ಮುಚ್ಕೊಂಡಿದ್ದನ್ನ ನಾನಂತೂ ನೋಡಿಲ್ಲ. ಈಗ ಕಲಿಯೋ ವಯಸ್ಸಾ?" ಎಂದಳು ಡೋರ್ತೆ.

ಶನಿವಾರ ಸಭೆ ಕಾಫಿಯ ಪರಿಮಳದಲ್ಲಿ ಶುರುವಾಯಿತು. ಎಸ್ಬೆನ್ ಒಳಗೆ ಬಂದಾಗ ಚಪ್ಪಾಳೆ ಬಿತ್ತು. ತೋರ್ವಾಲ್ಡ್ ತಲೆ ತಗ್ಗಿಸಿ, "ತಪ್ಪು ನಂದೇ ಅಂತ ಬರ್ಕೊಳ್ಳಿ" ಎನ್ನುವಷ್ಟರಲ್ಲಿ ಎಸ್ಬೆನ್ ಎದ್ದು ಮೇಜಿನ ಹತ್ತಿರ ಹೋದ. ತಂತಿಯ ತುಂಡನ್ನೂ ಇಕ್ಕಳವನ್ನೂ ಅವನ ಮುಂದಿಟ್ಟ.

"ಬರ್ಕೋಬೇಡಿ. ತಾಮ್ರಕ್ಕೇನೂ ಆಗಿಲ್ಲ. ಅದನ್ನ ಕಚ್ಚಿದ್ದು ನನ್ನ ಇಕ್ಕಳ. ಬೇಕಾದ್ರೆ ಹಲ್ಲು ಎಣಿಸಿ ನೋಡಿ."

ತೋರ್ವಾಲ್ಡ್ ಎಣಿಸಿದ. ಅವನ ಮುಖ ಕೆಂಪಾಯಿತು. "ಒಂದು ವಾರ ನನ್ನ ಮುಖಕ್ಕೆ ಮಸಿ ಬಳಿದ್ಯಲ್ಲೋ!"

"ಬಳಿದೆ. ಈಗ ಊರೆದುರಿಗೇ ಒರೆಸ್ತಿದೀನಿ. ಅಷ್ಟೂ ಕಟ್ಟು ಬಿಚ್ಚಿ ಹೊಸದಾಗಿ ಕಟ್ತೀನಿ. ಇಕ್ಕಳ ಮುಟ್ಟಲ್ಲ, ಬರೀ ಬೆರಳು."

"ಈ ಚಳಿಯಲ್ಲಿ?"

"ಚಳಿ ನನಗೆ ತಾನೇ? ನಿನಗೇನು?"

ಎಲ್ಲರೂ ನಕ್ಕರು, ತೋರ್ವಾಲ್ಡ್ ನಗಲಿಲ್ಲ. "ಸರಿ. ಥರ್ಮಾಮೀಟರು ಸೊನ್ನೆಗಿಂತ ಇಪ್ಪತ್ತು ಕೆಳಗಿಳಿದ ದಿನ ಬೆಳಿಗ್ಗೆ ಏಳಕ್ಕೆ ಬೋಡಿಲ್ ಅಜ್ಜಿ ಮನೆಯಿಂದ ನಿನಗೆ ಫೋನ್ ಮಾಡ್ತೀನಿ. ನನ್ನ ಮಾತು ಕೇಳಿಸಿದ್ರೆ ನೀನೇ ಲೈನ್‌ಮನ್. ಇಲ್ಲಾಂದ್ರೆ ಕಂಬ ಹತ್ತೋ ಬೆಲ್ಟು ತಂದು ಇಲ್ಲಿಡು."

ಐದು ವಾರ ಹಿಡಿಯಿತು. ಗಾಯ ಆಳವಾಗಿದ್ದಲ್ಲಿ ತಂತಿ ಕತ್ತರಿಸಿ ಕೂಡಿಸಿದ. ಮೇಲುಮೇಲೆ ಗೀರಿದ್ದಲ್ಲಿ ಮುರಿದ ಕಾಲಿಗೆ ದಬ್ಬೆ ಕಟ್ಟುವ ಹಾಗೆ ಇನ್ನೊಂದು ತಂತಿ ಜೋಡಿಸಿದ. ಆಮೇಲೆ ಮೆತ್ತನೆಯ ತಾಮ್ರದ ತುಂಡನ್ನು ಗಾಜಿನ ಸುತ್ತ ಬಳಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಸುತ್ತಿದ. ಬೆರಳ ತುದಿಗಳು ಸೀಳಿ ರಕ್ತ ಬಂತು. ಸಂಜೆ ಡೋರ್ತೆ ಬಾತುಕೋಳಿಯ ಕೊಬ್ಬು ಹಚ್ಚಿ, ಬೈದು, ಬಟ್ಟೆ ಸುತ್ತುತ್ತಿದ್ದಳು. ಅವನಿಗೆ ನೋವಿತ್ತು, ಭಯವಿರಲಿಲ್ಲ. ಕಟ್ಟು ಸರಿಯಾದದ್ದು ಬೆರಳಿಗೇ ತಿಳಿಯುತ್ತಿತ್ತು. ಮೂರನೆಯ ವಾರಕ್ಕೆ ಹಳೆಯ ಎಸ್ಬೆನ್ ಮರಳಿದ: ತಾಮ್ರವನ್ನು ಬರಿಗೈಯಲ್ಲಿ ಕಟ್ಟುವ ವಿದ್ಯೆ ತಾನೇ ಕಂಡುಹಿಡಿದದ್ದೆಂದು ಡೈರಿಯಲ್ಲಿ ಹೇಳಿಕೊಂಡ. ಇಂಥವನನ್ನು ಯಾರು ತಿದ್ದುತ್ತಾರೆ!

ಜನವರಿಯ ಒಂಬತ್ತರಂದು ಥರ್ಮಾಮೀಟರು ಸೊನ್ನೆಗಿಂತ ಇಪ್ಪತ್ತೆರಡು ಕೆಳಗಿಳಿಯಿತು. ಎಸ್ಬೆನ್ ಬೆಲ್ಟನ್ನು ತಾನೇ ಮೇಜಿನ ಮೇಲಿಟ್ಟು, ರೈ ರೊಟ್ಟಿಗೆ ಬೆಣ್ಣೆ ಸವರಿಕೊಂಡು ಕೂತ. ಏಳು ಹೊಡೆಯಿತು. ಫೋನಿನ ಗಂಟೆ ಬಡಿಯಲಿಲ್ಲ. ಏಳು ಹತ್ತಾಯಿತು. ಡೋರ್ತೆ ಏಪ್ರನ್ನಿನ ಅಂಚು ಹಿಂಡುತ್ತ ಕಿಟಕಿಗೂ ಒಲೆಗೂ ಓಡಾಡಿದಳು. ಏಳು ಇಪ್ಪತ್ತಾಯಿತು.

"ಹೋಯ್ತು ಅನ್ಸತ್ತೆ ಎಸ್ಬೆನ್" ಎಂದಳು.

"ನಾನು ಕಟ್ಟಿದ್ದು ಹೋಗಲ್ಲ" ಎಂದ ಎಸ್ಬೆನ್. ಆದರೂ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದು, ರಿಸೀವರ್ ತೆಗೆದು ಕಿವಿಗಿಟ್ಟ.

"...ಮೆಣಸು ಜಾಸ್ತಿ ಹಾಕಿದೆ ಕಣೇ, ಅದಕ್ಕೇ ನನ್ನ ಸಾಸೇಜು ಖಾರವಾಗಿದ್ದು" ಎನ್ನುತ್ತಿದ್ದಳು ಬೋಡಿಲ್ ಅಜ್ಜಿ, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ. ಲೈನಿನ ಇನ್ನಿಬ್ಬರು ಹೆಂಗಸರು ಹೂಂಗುಟ್ಟುತ್ತಿದ್ದರು. ಅಜ್ಜಿಯ ಒಲೆಯ ಮೇಲೆ ನೀರು ಕುದಿಯುವುದೂ ಕೇಳುತ್ತಿತ್ತು. ಅದರ ಹಿಂದೆ, ಕೋಣೆಯ ಯಾವುದೋ ಮೂಲೆಯಿಂದ, ತೋರ್ವಾಲ್ಡ್ ಅಂಗಲಾಚುತ್ತಿದ್ದ:

"ಅಜ್ಜಿ, ಫೋನ್ ಕೊಡಜ್ಜಿ! ಲೈನ್ ಸರಿ ಇದ್ಯಾ ಅಂತ ಪರೀಕ್ಷೆ ಮಾಡ್ಬೇಕು!"

"ಸುಮ್ನಿರೋ ತೋರ್ವಾಲ್ಡ್. ಎರಡು ವರ್ಷ ಕೋಳಿ ಕೆದಕೋದು ಬಿಟ್ಟು ಬೇರೇನೂ ಕೇಳಿಸ್ಕೊಂಡಿಲ್ಲ ನಾನು, ಈ ಚಳಿಗಾಲ ಅದೂ ಇರ್ಲಿಲ್ಲ."

ಎಸ್ಬೆನ್ನನ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಗಟ್ಟಿಯಾಗಿ ಕೂಗಿದ: "ಅಜ್ಜಿ, ಅವನಿಗೊಂದು ಕಾಫಿ ಕೊಟ್ಟು ಕೂರಿಸು. ನೀನು ಮಾತಾಡು!"

ಡೋರ್ತೆ ಮೇಜಿನ ಮೇಲಿದ್ದ ಬೆಲ್ಟನ್ನು ಎತ್ತಿ, ಬಾಗಿಲ ಪಕ್ಕದ ಮೊಳೆಗೆ ಮತ್ತೆ ನೇತುಹಾಕಿದಳು.