ನನ್ನ ಮದುವೆಯ ಕುಪ್ಪಸ ಹೊಲಿದವಳು

ಅವಳ ಬಲಗೈ ಹೆಬ್ಬೆರಳ ತುದಿಯಲ್ಲಿ ಸಣ್ಣದೊಂದು ಕುಳಿಯಿತ್ತು. ಕಂಬಳಿ ಹೊಲಿಯುವ ದಬ್ಬಳವನ್ನು ಚಿಕ್ಕಂದಿನಿಂದ ಒತ್ತಿ ಒತ್ತಿ ಬಿದ್ದ ಕುಳಿ ಅದು. ಸುತ್ತಲಿನ ಚರ್ಮ ಆಡಿನ ಗೊರಸಿನಂತೆ ಗಟ್ಟಿಯಾಗಿತ್ತು. ಒಲೆಯ ಮೇಲಿನ ಪಾತ್ರೆ ಮುಟ್ಟಿದರೂ ಆ ಬೆರಳಿಗೆ ಬಿಸಿ ತಿಳಿಯುತ್ತಿರಲಿಲ್ಲ.

ಹೊಸದುರ್ಗದಲ್ಲಿ ನಮ್ಮ ಮನೆ ಅಮಲ್ದಾರರ ಕಚೇರಿಯ ಹಿಂದಿನ ಬೀದಿಯಲ್ಲಿತ್ತು. ಅಪ್ಪ ಕಂಬಳಿ ವ್ಯಾಪಾರಿ. ಊರ ಹೊರಗಿನ ಕುರುಬರ ಹಟ್ಟಿಯಿಂದ ಅವಳೂ ಅವಳ ತಾಯಿಯೂ ಸಂತೆಯ ಹಿಂದಿನ ದಿನ ಕಂಬಳಿ ಹೊತ್ತು ತರುತ್ತಿದ್ದರು. ಮಗ್ಗದಿಂದ ಇಳಿಯುವಾಗ ಕಂಬಳಿ ಕಿರಿದಾದ ಪಟ್ಟಿಗಳಾಗಿರುತ್ತದೆ. ಆ ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು ಅವಳ ಕೆಲಸ. ತಾಯಿ ಅಪ್ಪನೊಂದಿಗೆ ಮಾತಾಡುತ್ತಿದ್ದರೆ ಮಗಳು ನಮ್ಮ ಜಗಲಿಯ ಮೇಲೆ ಕೂತು ಉಳಿದ ಹೊಲಿಗೆ ಮುಗಿಸುತ್ತಿದ್ದಳು. ಅವಳ ಸೀರೆಯಿಂದ ಉಣ್ಣೆಯ ವಾಸನೆ, ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ ಬರುತ್ತಿತ್ತು. ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳುತ್ತ ಕೇಳುತ್ತ ನಾನು ಅವಳ ಗೆಳತಿಯಾದೆ.

ನನ್ನ ಎಡಗೈ ಎಲ್ಲರಂತಿರಲಿಲ್ಲ. ಸಣ್ಣವಳಿದ್ದಾಗ ಅಟ್ಟದ ಏಣಿಯಿಂದ ಬಿದ್ದು ಮೊಣಕೈ ಮುರಿದಿತ್ತು. ನಾಟಿ ವೈದ್ಯರು ಕಟ್ಟು ಹಾಕಿದರು. ಮೂಳೆ ಕೂಡಿತು, ಆದರೆ ಮೊಣಕೈ ಮಡಚಿದ ಹಾಗೆಯೇ ನಿಂತುಬಿಟ್ಟಿತು. ಮನೆಗೆ ಬಂದವರು ಕೈ ನೋಡಿ, ಮುಖ ನೋಡಿ, ಲೊಚಗುಟ್ಟುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ. ಮೊದಲ ಸಲ ಕಂಡಾಗಲೇ, “ಎಷ್ಟು ಎತ್ತಾಕೆ ಬರ್ತೈತೆ, ತೋರ್ಸು” ಎಂದಳು. ಎತ್ತಿ ತೋರಿಸಿದೆ. ದಿಟ್ಟಿಸಿ ನೋಡಿ, “ಕೂಸು ಎತ್ಕಳಾಕೆ ಈಗ್ಲೇ ತಯಾರಾಗಿ ಕುಂತೈತಲ್ಲೇ” ಅಂದಳು. ಆ ಕೈಯ ವಿಚಾರಕ್ಕೆ ನಾನು ನಕ್ಕದ್ದು ಅದೇ ಮೊದಲು.

ಕೈಯ ದೆಸೆಯಿಂದ ಮದುವೆ ತಡವಾಯಿತು. ಕೊನೆಗೆ ಹೊಳಲ್ಕೆರೆಯ ಹತ್ತಿ ವ್ಯಾಪಾರದ ಮನೆಯವರು ಬಂದು, ಕೈ ನೋಡಿ, ಒಪ್ಪಿಕೊಂಡು ಹೋದರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ನನಗೆ ಮಾತ್ರ ಯಾರಿಗೂ ಹೇಳಲಾಗದ ಒಂದು ಭಯ. ಆಗಿನ ಕುಪ್ಪಸಗಳಿಗೆ ಮೈಗಂಟುವ ಬಿಗಿ ತೋಳು. ಮಡಚಿದ ಕೈ ಅದರೊಳಗೆ ತೂರುತ್ತಿರಲಿಲ್ಲ. ಅಜ್ಜಿಯ ಕಾಲದ ದೊಗಳೆ ಕುಪ್ಪಸವನ್ನು ಅವ್ವ ದಿನವೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ನನಗೆ ತೊಡಿಸುತ್ತಿದ್ದಳು. ಗಂಡನ ಮನೆಯಲ್ಲಿ ಯಾರನ್ನು ಕರೆಯಲಿ?

ಬೀಗರ ಮನೆಯಿಂದ ಮದುವೆ ಕುಪ್ಪಸಕ್ಕೆಂದು ಹಸಿರು ರೇಷ್ಮೆ ಬಟ್ಟೆಯ ಕಣ ಬಂತು. ಪೇಟೆಯ ದರ್ಜಿ ಹೆಂಗಸರ ಮೈ ಮುಟ್ಟಿ ಅಳೆಯುವಂತಿರಲಿಲ್ಲ. ಅಳತೆಗೆ ಹಳೆಯ ಕುಪ್ಪಸ ಕೊಟ್ಟರೆ ಎರಡೂ ತೋಳನ್ನು ಒಂದೇ ಸಮ ಕತ್ತರಿಸಿ ಕೊಡುತ್ತಿದ್ದ. ಅವ್ವ ಒಂದು ಉಪಾಯ ಯೋಚಿಸಿದ್ದಳು. ಹೇಗೋ ಒಂದು ಕುಪ್ಪಸ ತೊಡಿಸಿ, ಮೇಲೆ ಶಾಲು ಹೊದಿಸಿ ಹಸೆಗೆ ಕೂರಿಸುವುದು. ನೆಂಟರ ಕಣ್ಣಿಗೆ ಕೈ ಬೀಳಬಾರದು.

ಇದನ್ನೆಲ್ಲ ಜಗಲಿಯಲ್ಲಿ ಗೆಳತಿಗೆ ಹೇಳುತ್ತ ಅತ್ತುಬಿಟ್ಟೆ. ಅವಳು ಹೊಲಿಗೆ ನಿಲ್ಲಿಸಿ, “ಶಾಲು ಮದ್ವೆ ದಿನಕ್ಕಾತು. ಮಾರ್ನೆ ದಿನ ಏನ್ ಮಾಡ್ತೀಯ?” ಎಂದು ಕೇಳಿದಳು.

“ಅದೇ ಗೊತ್ತಾಗವಲ್ದು.”

“ಹಂಗಾರೆ ನಾನೇ ಹೊಲೀತೀನಿ.”

“ನೀನು ಕುಬ್ಸ ಹೊಲ್ದಿದ್ದೀಯೇನೇ?”

“ಇಲ್ಲ. ನಿನ್ನಂಥ ಕೈಗೆ ಯಾರೂ ಹೊಲ್ದಿಲ್ಲ. ಎಲ್ಲಾರ್ಗೂ ಹೊಸ್ದೇ.”

ಆ ಸಂಜೆ ಅಜ್ಜಿಯ ಹಳೆಯ ಕುಪ್ಪಸವೊಂದನ್ನು ಒಯ್ದಳು. ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಯಾವುದು ಯಾವುದಕ್ಕೆ ಸೇರಿತ್ತೆಂದು ನೋಡಿ ಕಲಿತಳಂತೆ. ಮತ್ತೆ ಬಂದಾಗ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ನೂಲಿನಿಂದ ಕೈ ಅಳೆದಳು. ಭುಜದಿಂದ ಮೊಣಕೈಗೆ, ತೋಳಿನ ಸುತ್ತ, ಕೈ ಎತ್ತಿದಾಗ, ಇಳಿಸಿದಾಗ. ಕಟ್ಟು ಬಿಚ್ಚಿದ ಮೇಲೆ ಅವ್ವನ ಹೊರತು ಆ ಕೈಯನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ನಾನು ನಾಚಿ ಕೈ ಎಳೆದುಕೊಂಡರೆ, “ಎಳೀಬ್ಯಾಡ, ಎಳ್ದ್ರೆ ಸುಕ್ಕು ಬೀಳ್ತೈತೆ” ಎನ್ನುತ್ತಿದ್ದಳು. ದಾರಕ್ಕೂ ಮನುಷ್ಯರಿಗೂ ಅವಳದು ಅದೇ ಮಾತು.

ಹಳೆಯ ಸೀರೆಯ ಬಟ್ಟೆಯಲ್ಲಿ ಮೊದಲು ಒಂದು ಹೊಲಿದು ನೋಡಿದಳು. ಎಡತೋಳನ್ನು ಉದ್ದಕ್ಕೆ ಸೀಳಿ, ಸೀಳಿನ ಎರಡೂ ಅಂಚಿಗೆ ಕಟ್ಟಿಕೊಳ್ಳಲು ಕಸೆ ಇಟ್ಟಿದ್ದಳು. ಕೈ ಸಲೀಸಾಗಿ ಹೋಯಿತು. ಆದರೆ ಒಂದೇ ಕೈಯಲ್ಲಿ ಕಸೆ ಕಟ್ಟಲು ನನಗಾಗಲಿಲ್ಲ. ಅವಳು ಅದನ್ನು ಬಿಚ್ಚಿಕೊಂಡು ಹೋದಳು. ಹಟ್ಟಿಯಲ್ಲಿ ಕುರಿಮರಿಗಳನ್ನು ಕಟ್ಟುವ ಹಗ್ಗದ ತುದಿಗೆ ಒಂದು ಕಡ್ಡಿ, ಅದನ್ನು ಸಿಕ್ಕಿಸಲು ಒಂದು ಕುಣಿಕೆ ಇರುತ್ತದೆ. ಒಂದು ಕೈಯಲ್ಲಿ ಮರಿ ಹಿಡಿದು ಇನ್ನೊಂದರಲ್ಲಿ ಕಟ್ಟಿಬಿಡಬಹುದು. ಅದು ಅವಳಿಗೆ ಹೊಳೆಯಿತು. ಕಸೆಯ ಜಾಗದಲ್ಲಿ ಬಟ್ಟೆ ಸುತ್ತಿದ ಪುಟ್ಟ ಗುಂಡಿಗಳು, ಎದುರಿಗೆ ನೂಲಿನ ಕುಣಿಕೆಗಳು ಬಂದವು.

ಅವ್ವ ಅದನ್ನು ನೋಡಿ, “ಸೀಳು ಒಳಗಡೆ ಇರ್ಲಿ, ಹೊರಗೆ ಕಂಡ್ರೆ ಜನ ಆಡ್ಕಂತಾರೆ” ಎಂದಳು.

“ಒಳಗಿದ್ರೆ ಇವಳ ಕೈಗೆ ಸಿಗಂಗಿಲ್ಲ ಅವ್ವಾರೆ” ಎಂದಳು ಗೆಳತಿ. “ಆಡ್ಕಳೋರು ದಿನಾ ಬಂದು ತೊಡಿಸ್ತಾರಾ?”

ಅವ್ವನಿಗೆ ಸಿಟ್ಟು ಬಂತು. ಬೀಗರು ಕಳಿಸಿದ ಕಣ, ಉಣ್ಣೆ ಕತ್ತರಿಸುವ ಕತ್ತರಿ, ಕಂಬಳಿ ಹೊಲಿಯುವ ಹುಡುಗಿ. ಬಟ್ಟೆ ಕೆಟ್ಟರೆ ಅಪಶಕುನ ಬೇರೆ. ಕಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಗೆಳತಿ ವಾದಿಸಲಿಲ್ಲ. ಹಳೆ ಬಟ್ಟೆಯ ಆ ಕುಪ್ಪಸವನ್ನು ನನ್ನ ಕೈಗೆ ಕೊಟ್ಟು, “ನಾಳೆ ಬೆಳಿಗ್ಗೆ ನೀನೇ ತೊಟ್ಕಂಡು ಅವ್ವನ ಮುಂದೆ ಹೋಗು. ಏನೂ ಮಾತಾಡ್ಬ್ಯಾಡ” ಎಂದು ಹೇಳಿ ಹೊರಟಳು.

ಹಾಗೆಯೇ ಮಾಡಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಎಂದಿನಂತೆ ಬಾಗಿಲು ಹಾಕಿ ಬರಲು ಎದ್ದವಳು ನನ್ನನ್ನು ಕಂಡು ನಿಂತಳು. ಹತ್ತಿರ ಬಂದು ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದಳು. “ಯಾರು ಹಾಕಿದ್ರು?” ಎಂದಳು. “ನಾನೇ” ಎಂದೆ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಗೆಳತಿ ಮತ್ತೆ ಬಂದಾಗ ಕಣವನ್ನು ತಾನೇ ಅವಳ ಮಡಿಲಿಗೆ ಹಾಕಿದಳು.

ಹಟ್ಟಿಯವರು ಮೇವು ಅರಸಿ ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆ ಹೋಗುವ ದಿನ ಹತ್ತಿರವಾಗಿತ್ತು. ಅವಳೂ ಹೋಗಲೇಬೇಕು. ರೇಷ್ಮೆಗೆ ದಬ್ಬಳ ಬರುವುದಿಲ್ಲ, ಸಣ್ಣ ಸೂಜಿ ಅವಳ ಗಟ್ಟಿ ಬೆರಳಿಗೆ ಸಿಗುವುದಿಲ್ಲ. ಎಷ್ಟೋ ಸಲ ಹೊಲಿದು ಬಿಚ್ಚಿದಳು. ಹೊರಡುವ ದಿನ ಬೆಳಿಗ್ಗೆ ಕುಪ್ಪಸವನ್ನು ಮಡಚಿ ತಂದು ಕೊಟ್ಟಳು. “ಮದ್ವೆಗೆ ಇರಾಕಾಗಲ್ಲ ಕಣೇ. ಶಾಲು ಮಾತ್ರ ಹೊದಿಬ್ಯಾಡ, ಹೊದ್ರೆ ನಾನು ಪಟ್ಟ ಕಷ್ಟ ಯಾರಿಗೂ ಕಾಣಂಗಿಲ್ಲ” ಎಂದು ನಕ್ಕು ಕುರಿಗಳ ಹಿಂದೆ ನಡೆದಳು.

ಶಾಲು ಹೊದೆಯಲಿಲ್ಲ. ಹಸಿರು ತೋಳಿನ ಮೇಲೆ ಕೆಂಪು ಗುಂಡಿಗಳ ಸಾಲು ಹೊತ್ತು ಹಸೆಯ ಮೇಲೆ ಕೂತೆ. ಕೆಲವರು ನೋಡಿದರು, ಕೆಲವರು ಆಡಿಕೊಂಡಿರಲೂಬಹುದು.

ಹೊಳಲ್ಕೆರೆಯಲ್ಲಿ ಮೊದಲ ಬೆಳಿಗ್ಗೆ ಅತ್ತೆಯವರು ನನಗೆ ಬಟ್ಟೆ ತೊಡಿಸಲೆಂದು ಬಾಗಿಲು ತಟ್ಟಿದರು. ನಾನಾಗಲೇ ತಯಾರಾಗಿ ನಿಂತಿದ್ದೆ. ಅವರು ತೋಳನ್ನು ತಿರುಗಿಸಿ ನೋಡಿ, “ಯಾರು ಹೊಲಿದಿದ್ದು?” ಎಂದರು.

“ನನ್ನ ಗೆಳತಿ.”

“ನಮ್ಮತ್ತೆಗೆ ಭುಜ ಏಳದಂಗಾಗಿ ವರ್ಷಗಳೇ ಆದ್ವು. ದಿನಾ ನೋವಿಗೆ ಅಳ್ತಾರೆ. ಅವಳ್ನ ಕರೆಸ್ತೀಯೇನವ್ವ?”

ಕುರಿಗಳು ಹಿರಿಯೂರಿನಿಂದ ತಿರುಗಿ ಬಂದ ಮೇಲೆ ಗಾಡಿ ಕಳಿಸಿದೆವು. ಅವಳು ಬಂದು ಅತ್ತೆಯವರ ಅತ್ತೆಗೂ ಅಂಥದೇ ಕುಪ್ಪಸ ಹೊಲಿದು ಕೊಟ್ಟಳು. ಅಲ್ಲಿಂದ ಅವಳ ಬದುಕೇ ಬೇರೆ ದಾರಿ ಹಿಡಿಯಿತು. ಭುಜ ಏಳದ ಮುದುಕಿಯರು, ಬಾಣಂತಿಯರು, ಬೆನ್ನು ಬಾಗಿದವರು, ದರ್ಜಿಯ ಅಳತೆಗೆ ಸಿಗದವರೆಲ್ಲ ಅವಳ ಹಟ್ಟಿ ಹುಡುಕಿಕೊಂಡು ಬಂದರು. ಮದುವೆಯಾದಳು, ಮಕ್ಕಳಾದವು, ಕಂಬಳಿಯನ್ನೂ ಬಿಡಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಅವಳ ಮುಂದೆ ಯಾರಾದರೊಬ್ಬರು ಕೈ ಎತ್ತಿ ಕೂತಿರುತ್ತಿದ್ದರು.

ಕಳೆದ ಮಾಘದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಸುದ್ದಿ ತಿಳಿದು ಹಟ್ಟಿಗೆ ಹೋದೆ. ಜೀವಮಾನವಿಡೀ ಅವಳ ಋಣದಲ್ಲಿದ್ದೇನೆಂದು ಅವಳ ಸೊಸೆಗೆ ಹೇಳಿದೆ. ಆ ಹುಡುಗಿ ತಲೆಯೆತ್ತಿ, “ಅತ್ತೆ ಬ್ಯಾರೆ ಹೇಳ್ತಿದ್ರು ದೊಡ್ಡವ್ವ” ಎಂದಳು. “‘ನಂಗೆ ಕುಬ್ಸದ ಹೊಲಿಗೆ ಕಲ್ಸಿದ್ದೇ ಅವಳ ಕೈ, ಅವಳು ಕೈ ಚಾಚಿ ಕುಂತಿದ್ದಕ್ಕೆ ನಾಕು ಜನಕ್ಕೆ ಬೇಕಾದೆ’ ಅಂತ.”

ನಾನು ಅವಳ ಪಕ್ಕ ಕೂತೆ. ಸೊಸೆ ಯಾರದೋ ಅರೆಹೊಲಿದ ತೋಳೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. “ಇಲ್ಲಿ ಒಂದಿಷ್ಟು ಸಡ್ಲ ಬಿಡ್ಲಾ ದೊಡ್ಡವ್ವ?” ಎಂದು ಕೇಳಿದಳು. ನಾನು ಬಟ್ಟೆಯೊಳಗೆ ಕೈಯಿಟ್ಟು ನೋಡಿ, “ಬಿಡು” ಎಂದೆ.