ಒಂಟಿ ಕಾಲಿನ ಹಂಸ

ರೇಷ್ಮೆ ಗೂಡು ಬೇಯುವ ವಾಸನೆಯನ್ನು ಸುವಾಸನೆ ಎಂದು ಕರೆಯುವಷ್ಟು ಊರಭಿಮಾನ ನನಗಿಲ್ಲ. ಆದರೂ ಬಿಸಿನೀರಿನಲ್ಲಿ ಗೂಡು ಹೊರಳುವ ಆ ಮಂಕು ಹುಳಿ ವಾಸನೆ ಎಲ್ಲಾದರೂ ಮೂಗಿಗೆ ತಾಗಿದರೆ ನನ್ನ ವಯಸ್ಸು ತಾನಾಗಿ ಎಂಟಕ್ಕೆ ಇಳಿಯುತ್ತದೆ. ಕೊಳ್ಳೇಗಾಲದ ನಮ್ಮ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿರುತ್ತೇನೆ. ಎದುರಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟ ತಾತ. ಅವನ ಎಡಕ್ಕೆ ಮಣೆಯ ಮೇಲೆ ನಂಜತ್ತೆ, ನಮ್ಮಪ್ಪನ ಅಕ್ಕ. ಲಾಳಿ ಓಡುವ ಸದ್ದಿನ ಮೇಲೆ ಅವಳ ದನಿ, ಹೆಚ್ಚು ಏರದೆ ಹೆಚ್ಚು ಇಳಿಯದೆ, ತೇಲುತ್ತಿರುತ್ತದೆ: "ಮೂರ ಎತ್ತು, ಒಂದ ಬುಡು, ಎರಡ ಎತ್ತು, ಅಂಗೇ ಇರು..."

ಸೀರೆಯ ಅಂಚಿನಲ್ಲಿ ಹೂವೋ ಹಕ್ಕಿಯೋ ಮೂಡಬೇಕಾದರೆ ನೇಯುವವನೊಬ್ಬನಿಂದ ಆಗದು. ಪಕ್ಕದಲ್ಲಿ ಇನ್ನೊಬ್ಬರು ಕೂತು ಹಾಸಿನ ಎಳೆಗಳನ್ನು ಲೆಕ್ಕದಂತೆ ಎತ್ತಿಕೊಡಬೇಕು. ಆ ಲೆಕ್ಕವನ್ನು ನಮ್ಮ ಮನೆಯಲ್ಲಿ ಹಾಡು ಮಾಡಿಟ್ಟುಕೊಂಡಿದ್ದರು. ಕಾಗದಕ್ಕೆ ಇಳಿಸಿದರೆ ಅದಕ್ಕೆ ಕಾಲು ಬಂದು ಪಕ್ಕದ ಬೀದಿಗೆ ಹೋಗಿಬಿಡುತ್ತದೆ ಎಂಬ ಭಯ. ಮನೆಯ ಹೆಣ್ಣುಮಕ್ಕಳಿಗೂ ಕಲಿಸುತ್ತಿರಲಿಲ್ಲ. ಮದುವೆಯಾಗಿ ಹೋಗುವಾಗ ಹಾಡನ್ನೂ ಬಳುವಳಿಯಾಗಿ ಒಯ್ದಾರು ಎಂದು. ನಂಜತ್ತೆಗೆ ಮಾತ್ರ ಕಲಿಸಿದ್ದು, ಅವಳು ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದರಿಂದ. ಇನ್ನೆಲ್ಲಿಗೂ ಹೋಗಲಾರಳು ಎಂಬುದೇ ಅವಳ ಅರ್ಹತೆ. ಆ ಮಣೆ ಸಿಕ್ಕಿದ ಮೇಲೆ ಮನೆಯಲ್ಲಿ ಅವಳ ಮಾತಿಗೆ ತೂಕ ಬಂತು. ಹಾಡು ಶುರುವಾದರೆ ತಾತನೂ ಕೆಮ್ಮು ನುಂಗಿಕೊಳ್ಳುತ್ತಿದ್ದ. ನನಗೂ ಹೇಳಿಕೊಡು ಎಂದು ನಾನು ಪೀಡಿಸಿದರೆ ಅವಳದು ಒಂದೇ ಉತ್ತರ: "ನೀ ಪರರ ಮನೆಗೋಗೋ ಕೂಸು. ಸುಮ್ಕಿರು."

ಚರಿತ್ರೆಯ ಪುಸ್ತಕಗಳು ಕಾಲವನ್ನು ರಾಜರ ಹೆಸರಿನಿಂದ ವಿಂಗಡಿಸುತ್ತವೆ. ನಮ್ಮ ಮನೆಯಲ್ಲಿ ಅದನ್ನು ಅಂಚಿನಿಂದ ವಿಂಗಡಿಸುತ್ತಿದ್ದರು. ಪಾಳೆಯಗಾರರ ಕಾಲಕ್ಕೆ ಗೋಪುರದಂಚು. ಯಳಂದೂರು ಜಾಗೀರಾಗಿ ಅಲ್ಲಿ ದೊಡ್ಡ ಮನೆಗಳು ಎದ್ದಾಗ ಹಂಸದಂಚು. ನಮ್ಮ ಊರು ಮದರಾಸು ಸರ್ಕಾರಕ್ಕೆ ಸೇರಿ ಯಳಂದೂರು ಮೈಸೂರಿನಲ್ಲೇ ಉಳಿಯಿತು. ಗಡಿ ದಾಟಿದರೆ ಪೊಲೀಸಿನವನ ಟೋಪಿ ಬದಲಾಗುತ್ತಿತ್ತೇ ಹೊರತು ಸೀರೆ ಬದಲಾಗಲಿಲ್ಲ. ಬಿಳಿಯರ ಕಾಲದಲ್ಲಿ ಎರಡು ಗೆರೆ ಎಳೆದು ಅದಕ್ಕೆ ರೈಲಂಚು ಎಂದರು. ರೈಲೇ ಬಾರದ ಊರಿನಲ್ಲಿ ಅದನ್ನು ನೇಯುತ್ತಿದ್ದ ತಾತ, ರೈಲು ಎಂದರೆ ಎರಡು ಗೆರೆ ಎಂದೇ ಸಾಯುವವರೆಗೂ ನಂಬಿದ್ದ. ಆಮೇಲೆ ಚರಕದ ಕಾಲ ಬಂದು, ರೇಷ್ಮೆ ಉಟ್ಟವರು ದೇಶದ್ರೋಹಿಗಳು ಎಂದು ನಮ್ಮ ಬೀದಿಯಲ್ಲೇ ಮೆರವಣಿಗೆ ಹೊರಟಿತು. ಮೆರವಣಿಗೆಯವರು ಬಾಯಾರಿ ನಮ್ಮ ಜಗಲಿಯಲ್ಲೇ ನೀರು ಕುಡಿದರು.

ಇಷ್ಟು ಕಾಲ ಉರುಳಿದರೂ ಹಂಸದಂಚಿಗೆ ಬೇಡಿಕೆ ಉಳಿದದ್ದು ಅದರ ದೋಷದಿಂದ. ಆ ಹಂಸಕ್ಕೆ ಒಂದೇ ಕಾಲು. ಸೊಸೆಯಾಗಿ ಬಂದ ಯಾವಳೋ ಮುತ್ತಜ್ಜಿಗೆ ಹಾಡುವಾಗ ಸೀನು ಬಂದು ಒಂದು ಸಾಲು ತಪ್ಪಿತಂತೆ. ಮುಂದಿನವರು ಗುರುಭಕ್ತಿಯಿಂದ ಆ ತಪ್ಪನ್ನೂ ಕಲಿತರು. ಯಳಂದೂರಿನ ಹೆಂಗಸರು ಹೊಸ ಸೀರೆಯ ಮಡಿಕೆ ಬಿಚ್ಚಿದೊಡನೆ ಹಕ್ಕಿಯ ಕಾಲು ಎಣಿಸುತ್ತಿದ್ದರು. ಎರಡಿದ್ದರೆ ನಕಲಿ, ವಾಪಸ್ಸು.

ಯುದ್ಧ ಬಂತು. ರೇಷ್ಮೆಯೆಲ್ಲ ಸರ್ಕಾರಕ್ಕೆ ಬೇಕಾಯಿತು, ಸಿಪಾಯಿಗಳು ವಿಮಾನದಿಂದ ಇಳಿಯುವ ಛತ್ರಿಗೆ. ಮದುವಣಗಿತ್ತಿಯರ ಹೆಗಲೇರಬೇಕಾದ ನಮ್ಮ ನೂಲು ಯಾವುದೋ ದೇಶದ ಸಾರ್ಜೆಂಟನನ್ನು ಹೊತ್ತು ತೂಗಿತು. "ಬೀಳೋನ್ಗೆ ರೇಸ್ಮೆ ಆದ್ರೇನ್ಲಾ, ಗೋಣಿ ಆದ್ರೇನ್ಲಾ" ಎಂದು ತಾತ ಅಪ್ಪನನ್ನು ಕೇಳಿದ. ಮಗ್ಗ ಬರಿದಾಯಿತು, ಹಾಡೂ ನಿಂತಿತು. ನಿಲ್ಲಲೇಬೇಕು, ಬರೀ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳ ಎನ್ನುವ ಹಾಗೆ, ಹಾಸು ಹೂಡದ ಮಗ್ಗದ ಮುಂದೆ ಲೆಕ್ಕ ಹಾಡಿದರೆ ಮನೆಗೆ ಕೇಡು ಎಂಬ ಕಟ್ಟಳೆ ನಮ್ಮಲ್ಲಿತ್ತು. ಬೇರೆಯವರಾಗಿದ್ದರೆ ದನದ ಕೊಟ್ಟಿಗೆಯಲ್ಲಾದರೂ ಗುನುಗಿಕೊಳ್ಳುತ್ತಿದ್ದರೇನೋ. ನಂಜತ್ತೆ ಕಟ್ಟಳೆಯ ಹೆಂಗಸು. ಯುದ್ಧ ಮುಗಿಯುವವರೆಗೆ ತುಟಿಯನ್ನೂ ಅಲ್ಲಾಡಿಸಲಿಲ್ಲ.

ಮತ್ತೆ ನೂಲು ಸಿಗುವ ಹೊತ್ತಿಗೆ ಯಳಂದೂರಿನ ಹಳೆಯ ಸಿರಿವಂತರ ಮನೆಯೊಂದರಿಂದ ಮದುವೆಗೆ ಹಂಸದಂಚಿನ ಸೀರೆ ಬೇಕೆಂದು ಹೇಳಿಕಳಿಸಿದರು. ಅಷ್ಟರಲ್ಲಿ ನಮ್ಮ ಬೀದಿಯ ತುದಿಗೆ ಅಟ್ಟೆ ಎನ್ನುವ ರಟ್ಟಿನ ಹಾಳೆಗೆ ತೂತು ಹೊಡೆದು ಚಿತ್ತಾರ ಮೂಡಿಸುವ ಹೊಸ ಯಂತ್ರ ಬಂದಿತ್ತು. ಅದಕ್ಕೆ ಪಕ್ಕದಲ್ಲಿ ಕೂರುವವರು ಬೇಡ. ನಾವೂ ಅದನ್ನೇ ತರೋಣ ಎಂದು ಅಪ್ಪ ಹೇಳುತ್ತಲೇ ಇದ್ದ. ಈ ಸೀರೆ ಕೈಯಲ್ಲೇ ಆಗಲಿ, ಆಮೇಲೆ ನೋಡೋಣ ಎಂದ ತಾತ. ಈ ಒಂದು ಸೀರೆಯ ಮೇಲೆ ತನ್ನ ಮಣೆ ನಿಂತಿದೆ ಎಂದು ನಂಜತ್ತೆಗೂ ಗೊತ್ತಿತ್ತು. ಹಾಸು ಹೂಡಿ, ಮಗ್ಗಕ್ಕೆ ವಿಭೂತಿ ಇಟ್ಟು, ಅವಳು ಹಾಡಿದಳು. ಹಂಸದ ಬಾಲ ಮೂಡಿತು, ಬೆನ್ನು ಮೂಡಿತು, ಆ ಪ್ರಸಿದ್ಧ ಕಾಲೂ ಮೂಡಿತು. ಹಂಸದ ಕತ್ತಿನ ಸಾಲಿಗೆ ಬರುವಾಗ ದನಿ ನಿಂತಿತು, ಸಾಲು ಮರೆತಿತ್ತು.

ತಾತ ಲಾಳಿ ಹಿಡಿದುಕೊಂಡೇ ಕಾದ. ಅವಳು ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದಳು. ಮತ್ತೆ ಅಲ್ಲೇ ನಿಂತಳು. "ಎಲೆಯಡಿಕೆ ಆಕ್ಕಳವ್ವ, ಬತ್ತದೆ" ಎಂದ ತಾತ. ಅವಳು ಎಲೆಯಡಿಕೆ ಹಾಕಿಕೊಂಡಳು. ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಆ ಹಾಡು ಬರುವವರು ಮನೆಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ, ನೋಡಿ ಎಣಿಸಲು ಒಂದು ಹಳೆಯ ತುಂಡೂ ಇರಲಿಲ್ಲ. ರೇಷ್ಮೆ ನೇಯುವವರ ಮನೆಯಲ್ಲಿ ರೇಷ್ಮೆ ಉಡುವ ಕೆಟ್ಟ ಚಾಳಿ ಆಗಿನ್ನೂ ಬಂದಿರಲಿಲ್ಲ. ಯಳಂದೂರಿನ ಅದೇ ಮನೆಯಲ್ಲಿ ಅಜ್ಜಿಯ ಕಾಲದ ಸೀರೆ ಇರಲೇಬೇಕು, ಕತ್ತಿನ ಎಳೆ ಎಣಿಸಿಕೊಂಡು ಬರುತ್ತೇನೆ ಎಂದು ನಂಜತ್ತೆ ಹೊರಟಳು. ಅವಳಿಗೆ ಜೊತೆ ನಾನು.

ಆ ಮನೆಯ ಯಜಮಾನಿ ಒಳ್ಳೆಯ ಹೆಂಗಸು. ಮಜ್ಜಿಗೆ ಕೊಟ್ಟಳು, ಕೂರಿಸಿದಳು, ಬಂದ ಕಾರಣ ಕೇಳಿದಳು.

"ಅಜ್ಜಿ ಸೀರೆನಾ? ಮಡಿಕೆಯಲ್ಲೆಲ್ಲ ಸೀಳಿ ಹೋಗಿತ್ತು ಕಣಮ್ಮ. ಹೋದ ವರ್ಷ ಸುಟ್ಟು ಬೆಳ್ಳಿ ತೆಗೆಸಿದ್ವಿ. ಆಗಿನ ಜರಿ ನೋಡು, ಒಳ್ಳೇ ಬೆಳ್ಳಿ ಬಂತು."

ಮಾತಿಗೆ ಸಾಕ್ಷಿಯಾಗಿ ಆ ಬೆಳ್ಳಿಯಲ್ಲೇ ಮಾಡಿಸಿದ ಹೊಸ ಕುಂಕುಮದ ಭರಣಿಯನ್ನು ಒಳಗಿನಿಂದ ತಂದಳು. ಮುಚ್ಚಳ ತೆಗೆದು ಅಭ್ಯಾಸಬಲದಿಂದ ನಂಜತ್ತೆಯ ಕಡೆ ಚಾಚಿದಳು. ಅವಳ ಬರಿ ಹಣೆ ಕಂಡು ಕೈ ಅಲ್ಲೇ ತಡೆಯಿತು. ಭರಣಿ ಮೆಲ್ಲಗೆ ನನ್ನ ಕಡೆ ತಿರುಗಿತು. ನಾನು ಹಣೆಗೆ ಇಟ್ಟುಕೊಂಡೆ. "ಒಸಿ ಕೊಡಿ ಅವ್ವ, ನೋಡ್ತೀನಿ" ಎಂದು ನಂಜತ್ತೆ ಅದರ ಮುಚ್ಚಳವನ್ನು ಮಾತ್ರ ಈಸಿಕೊಂಡು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ನುಣ್ಣಗಿತ್ತು. ಒಳ್ಳೆಯ ಕೆಲಸ ಎಂದು ಹೇಳಿ ಹಿಂದಿರುಗಿಸಿದಳು. ವಾಪಸ್ಸು ಬರುತ್ತ ಊರು ಹತ್ತಿರವಾದಾಗ ನನ್ನ ಹಣೆ ನೋಡಿ, ಕುಂಕುಮ ಮೂಗಿನ ಮೇಲೆ ಉದುರಿದೆ, ಒರೆಸಿಕೋ ಎಂದಳು.

ಅಪ್ಪ ಯಂತ್ರ ತಂದ. ಅಟ್ಟೆ ಕೊರೆಯಲು ಸೇಲಂ ಕಡೆಯಿಂದ ಒಬ್ಬ ತರುಣ ಬಂದ. ತಮಿಳಿನಲ್ಲಿ ವಿನಯವಾಗಿ ಮಾತಾಡುತ್ತಿದ್ದ. ಅರ್ಧ ನೇಯ್ದ ತುಂಡು ನೋಡಿ, ತಪ್ಪಾಗಿದೆ ಎಂದು ಮರುಕಪಟ್ಟು, ಹಂಸಕ್ಕೆ ಇನ್ನೊಂದು ಕಾಲು ಸೇರಿಸಿದ. ಕತ್ತನ್ನೂ ತನಗೆ ತೋಚಿದ ಹಾಗೆ ಬಳುಕಿಸಿದ. ಸೀರೆ ಹೋಯಿತು, ಯಳಂದೂರಿನವರು ಕಾಲು ಎಣಿಸಲಿಲ್ಲ. ಎಣಿಸುತ್ತಿದ್ದ ತಲೆಮಾರು ಅಷ್ಟರಲ್ಲಿ ತೀರಿಹೋಗಿತ್ತು. ನಂಜತ್ತೆ ಹೊಸ ಅಂಚನ್ನು ಬೆರಳಿನಿಂದ ಸವರಿ ನೋಡಿ, "ಎರಡ್ ಕಾಲ್ ಕೊಟ್ಟವ್ರೆ. ಇನ್ನ ಎಲ್ಗ್ ಬೇಕಾದ್ರೂ ಓಯ್ತದೆ ಬುಡು" ಎಂದಳು. ಅವಳು ಅಂದಂತೆಯೇ ಆಯಿತು. ಮುಂದಿನ ವರ್ಷಗಳಲ್ಲಿ ಆ ಹಂಸವನ್ನು ಎಷ್ಟೋ ಊರಿನ ಅಂಗಡಿಗಳಲ್ಲಿ ನೋಡಿದ್ದೇನೆ. ಅವಳು ಮಣೆ ಬಿಟ್ಟು ಹಿತ್ತಲ ಜಗಲಿಯಲ್ಲಿ ಲಾಳಿಗೆ ನೂಲು ಸುತ್ತುವ ಕೆಲಸಕ್ಕೆ ಕೂತಳು. ಅದನ್ನು ಯಾರು ಬೇಕಾದರೂ ಮಾಡಬಹುದು.

ನಾನು ಪರರ ಮನೆಗೆ ಹೋದೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಕೊಳ್ಳೇಗಾಲ ಮೈಸೂರಿಗೆ ಸೇರುವ ಹಿಂದಿನ ವರ್ಷ ನಂಜತ್ತೆ ತೀರಿಕೊಂಡಳು. ಇದು ಅದಕ್ಕಿಂತ ಮೊದಲಿನ ಮಾತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವಳು ನನ್ನ ಮಗಳ ತೊಟ್ಟಿಲ ಬಳಿ ಕೂರುತ್ತಿದ್ದಳು. ಜೋಗುಳ ಅವಳಿಗೆ ಬರುತ್ತಿರಲಿಲ್ಲ. ಕಲಿಯಬೇಕಾದ ಪ್ರಸಂಗ ಬಂದಿರಲಿಲ್ಲವಲ್ಲ. ಅವಳಿಗೆ ಬರುತ್ತಿದ್ದದ್ದು ಒಂದೇ. ಹಾಸಿಲ್ಲ, ಮಗ್ಗವಿಲ್ಲ, ಕಟ್ಟಳೆ ಮುರಿದಳು. ಮೂರ ಎತ್ತು, ಒಂದ ಬುಡು. ಬಾಲ, ಬೆನ್ನು, ಕಾಲು. ನಾನು ಕಣ್ಣು ಮುಚ್ಚಿ, ನಿದ್ದೆ ಮಾಡುವವಳಂತೆ ಕೇಳಿಸಿಕೊಳ್ಳುತ್ತಿದ್ದೆ. ಹಂಸದ ಕತ್ತು ಬರುವ ಮೊದಲೇ ಮಗು ನಿದ್ದೆಹೋಗುತ್ತಿತ್ತು.