ಅಳಿಸಬೇಕಿದ್ದ ಮೂರು ಪದ

ಸುನಿತಾ ಕಂಪ್ಲಿಯವಳು. ಅಪ್ಪ ಅಕ್ಕಿ ಗಿರಣಿಯಲ್ಲಿ ತೂಕ ನೋಡಿಕೊಳ್ಳುತ್ತಿದ್ದ. ಪಿಯುಸಿ ಮುಗಿದ ವರ್ಷವೇ ಅವಳನ್ನು ಹೊಸಪೇಟೆಯ ಹಾಲೇಶನಿಗೆ ಕೊಟ್ಟು ಮದುವೆ ಮಾಡಿದರು. ಹಾಲೇಶನದು ಸ್ಟೇಷನ್ ರಸ್ತೆಯ ಪಕ್ಕದ ಓಣಿಯಲ್ಲಿ ಒಂದು ಡಿಟಿಪಿ ಅಂಗಡಿ. ಮಧ್ಯಾಹ್ನ ಗಂಡನಿಗೆ ಬುತ್ತಿ ಒಯ್ಯುತ್ತಿದ್ದವಳು, ಅವನು ಉಣ್ಣುವಷ್ಟು ಹೊತ್ತು ಅವನ ಕುರ್ಚಿಯಲ್ಲಿ ಕೂತು ಕನ್ನಡ ಟೈಪಿಂಗ್ ಕಲಿತುಬಿಟ್ಟಳು. ಆಮೇಲೆ ಬುತ್ತಿ ಇಬ್ಬರಿಗೂ ಹೋಗತೊಡಗಿತು.

ಸಂಡೂರಿನ ಗುಡ್ಡಗಳಿಂದ ಅದಿರು ಹಗಲೂ ರಾತ್ರಿ ಇಳಿಯುತ್ತಿದ್ದ ಕಾಲ ಅದು. ಅಂಗಡಿಗೆ ಬಿಡುವೇ ಇರಲಿಲ್ಲ. ಲಾರಿ ಮಾಲೀಕರ ವಿಸಿಟಿಂಗ್ ಕಾರ್ಡು, ಹೊಸ ಲೇಔಟಿನ ಕರಪತ್ರ, ವಾರಕ್ಕೆ ನಾಲ್ಕಾರು ಗೃಹಪ್ರವೇಶ. ಅದೇ ಲಾರಿಗಳ ರಸ್ತೆಯಲ್ಲಿ ಸತ್ತವರ ಶಿವಗಣಾರಾಧನೆಯ ಕಾರ್ಡುಗಳೂ ಅಲ್ಲಿಗೇ ಬರುತ್ತಿದ್ದವು.

ಒಮ್ಮೆ ಗಾದಿಗನೂರಿನ ಪಾಲಯ್ಯನ ಮನೆಯ ಆರಾಧನೆ ಕಾರ್ಡಿನಲ್ಲಿ ಹಿಂದಿನ ಗಿರಾಕಿಯ ಊರಿನ ಹೆಸರು ಹಾಗೇ ಉಳಿದು ಅಚ್ಚಾಗಿಬಿಟ್ಟಿತು. ಹಾಲೇಶ್ ತಾನೇ ಹೋಗಿ ತಪ್ಪಾಯಿತೆಂದು ಹೇಳಿ ಬಂದ. ಬಂದವನೇ ಸಾವಿನ ಕಾರ್ಡುಗಳಿಗೆಂದೇ ಹೊಸದೊಂದು ಫೈಲು ಮಾಡಿದ. ಸುತ್ತಲೂ ಬಿಲ್ವಪತ್ರೆಯ ಅಂಚು, ಒಂದೊಂದು ಎಲೆಯನ್ನೂ ಮೌಸಿನಲ್ಲೇ ಬರೆದಿದ್ದ. ಹೆಸರು, ಊರು, ದಿನಾಂಕಕ್ಕೆ ಖಾಲಿ ಚೌಕಗಳನ್ನು ಬಿಟ್ಟು, ಉಳಿದದ್ದಕ್ಕೆಲ್ಲ ಪಾಸ್‌ವರ್ಡ್ ಹಾಕಿ ಬಂದ್ ಮಾಡಿದ.

"ಇನ್ನ ಮ್ಯಾಲೆ ಚೌಕ ಬಿಟ್ಟು ಬ್ಯಾರೆ ಏನೂ ಮುಟ್ಟಾಕ ಬರಂಗಿಲ್ಲ" ಎಂದ.

"ಪಾಸ್‌ವರ್ಡ್ ಏನ್ರಿ?" ಎಂದು ಅವಳು ಕೇಳಿದಳು.

"ನಿನಗ್ಯಾಕ ಅದು? ಅದರಾಗ ಬದಲು ಮಾಡೂದು ಏನೈತಿ?"

ಅವಳು ಮತ್ತೆ ಕೇಳಲಿಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ಹಾಲೇಶ್ ದೋಣಿಮಲೈಗೆ ಯಾರದೋ ಮದುವೆ ಕಾರ್ಡು ಕೊಟ್ಟು ಬರಲು ಬೈಕಿನಲ್ಲಿ ಹೋದ. ಹಿಂತಿರುಗುವಾಗ ಒಂದು ಅದಿರು ಲಾರಿ ಹೊಡೆಯಿತು. ಮನೆಗೆ ತರುವಷ್ಟರಲ್ಲಿ ಅವನ ಅಂಗಿಯೆಲ್ಲ ಕೆಂಪಾಗಿತ್ತು. ಧೂಳೆಷ್ಟು, ರಕ್ತವೆಷ್ಟು ಎಂದು ಸುನಿತಾಗೆ ಗೊತ್ತಾಗಲಿಲ್ಲ. ಕೂರು ಎಂದಲ್ಲಿ ಕೂತಳು, ಏಳು ಎಂದಾಗ ಎದ್ದಳು. ಅತ್ತೆ ಸುವರ್ಣಮ್ಮ ಎದೆ ಬಡಿದುಕೊಂಡು ಅಳುತ್ತಿದ್ದರೆ ಆಕೆಯ ಬೆನ್ನು ಸವರುತ್ತ ಕೂತಿದ್ದಳು. ತಾನು ಮಾತ್ರ ಅಳಲಿಲ್ಲ. ಬಂದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

ಮಣ್ಣು ಮಾಡಿ ಬಂದ ಮರುದಿನ ಮೈದುನ ವೀರೇಶ್ ಮೆಲ್ಲಗೆ ಕೇಳಿದ. ಅವನು ಕುರೆಕುಪ್ಪದಲ್ಲಿ ಮನೆ ಮಾಡಿಕೊಂಡು ಸ್ಟೀಲ್ ಕಾರ್ಖಾನೆಗೆ ಹೋಗುತ್ತಿದ್ದವನು. "ಅತ್ತಿಗಿ, ಕಾರ್ಡು ಮಾಡಿಸಬೇಕಲ್ಲ. ಬ್ಯಾರೆ ಅಂಗಡಿಗೆ ಕೊಡ್ಲ್ಯಾ?"

"ಬ್ಯಾಡ. ನಾನ ಮಾಡ್ತೀನಿ."

ವೀರೇಶ್ ಅಂಗಡಿಯ ಶಟರ್ ಎತ್ತಿಕೊಟ್ಟ. ಅವಳು ಕುರ್ಚಿಯನ್ನು ಒರೆಸಿ ಕೂತು ಆ ಫೈಲು ತೆಗೆದಳು. ಮೊದಲ ಚೌಕದಲ್ಲಿ ಹಾಲೇಶ್ ಎಂದು ಹೊಡೆದಳು. ಬೆರಳು ತಡೆಯಲಿಲ್ಲ, ದಿನಾ ಹೊಡೆಯುವ ಹೆಸರುಗಳಂತೆಯೇ ಅದೂ ಬಂತು. ಊರು, ದಿನಾಂಕ ತುಂಬಿದಳು. ತಪ್ಪಿದೆಯೇ ಎಂದು ನೋಡಲು ಮೇಲಿನಿಂದ ಓದಿದಳು. "ತುಂಬು ಜೀವನ ನಡೆಸಿ ಲಿಂಗೈಕ್ಯರಾದರು" ಎಂದಿತ್ತು.

ಅವನಿಗೆ ಮೂವತ್ತನಾಲ್ಕು.

'ತುಂಬು ಜೀವನ'ದ ಮೇಲೆ ಮೌಸ್ ಒತ್ತಿದಳು. ಕರ್ಸರ್ ಅಲ್ಲಿ ನಿಲ್ಲದೆ ಹೆಸರಿನ ಚೌಕಕ್ಕೆ ಹಾರಿತು. ಮತ್ತೆ ಒತ್ತಿದಳು, ಮತ್ತೆ ಹಾರಿತು. ಇದೇ ಫೈಲಿನಲ್ಲಿ ಲಾರಿ ಕ್ಲೀನರ್ ಹುಡುಗನೊಬ್ಬನ ಹೆಸರನ್ನು ತಾನೇ ತುಂಬಿದ್ದು ನೆನಪಾಯಿತು. ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅವತ್ತು ಈ ಸಾಲನ್ನು ಅವಳು ಓದಿರಲೇ ಇಲ್ಲ.

"ಎಲ್ಲಾರ ಕಾರ್ಡಿನಾಗೂ ಹಂಗ ಇರತೈತಿ ಅತ್ತಿಗಿ" ಎಂದ ವೀರೇಶ್, ಹಿಂದೆ ನಿಂತು. "ಯಾರು ಓದ್ತಾರ ಬಿಡ್ರಿ."

"ನಾ ಓದಿದ್ನಲ್ಲ."

ಮೆನುವಿನಲ್ಲಿ ಬೀಗ ತೆಗೆಯುವ ಜಾಗ ಹುಡುಕಿದಳು. ಪಾಸ್‌ವರ್ಡ್ ಕೇಳಿತು. ಅಂಗಡಿಯ ಹೆಸರು ಹೊಡೆದಳು, ತಪ್ಪು ಎಂದಿತು. ಬೈಕಿನ ನಂಬರ್, ಅತ್ತೆಯ ಹೆಸರು, ಮದುವೆಯ ತಾರೀಕು. ಕೊನೆಗೆ ತನ್ನ ಹೆಸರು ಹೊಡೆದಳು. ಅದೂ ತಪ್ಪು. ಬೇಸರವಾಗಬೇಕಿತ್ತೇನೋ, ಏನೂ ಆಗಲಿಲ್ಲ.

"ಹೊಸಾದು ಹೊಡದುಬಿಡ್ರಿ. ನಾಕು ಸಾಲು ಅದು."

"ಎಲಿ ಬರಂಗಿಲ್ಲಪ್ಪ" ಎಂದಳು. ಅಂಚನ್ನು ಕಾಪಿ ಮಾಡಿಕೊಳ್ಳಲೂ ಆ ಫೈಲು ಬಿಡುತ್ತಿರಲಿಲ್ಲ. ಅವಳು ಚಿತ್ರ ಬರೆಯುವವಳಲ್ಲ.

ಅಷ್ಟರಲ್ಲಿ ಶಟರ್ ತೆರೆದಿದ್ದು ಕಂಡು ಲಿಂಗರಾಜ್ ಒಳಗೆ ಬಂದ. ಮೇನ್ ಬಜಾರಿನಲ್ಲಿ ಇಂಥದೇ ಅಂಗಡಿ ಇಟ್ಟವನು. ಗಿರಾಕಿಗಳ ವಿಷಯಕ್ಕೆ ಹಾಲೇಶನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಬಂದವನು ಸ್ಕ್ರೀನ್ ನೋಡಿದ. ವೀರೇಶ್ ವಿಷಯ ತಿಳಿಸಿದ.

"ಸ್ವಲ್ಪ ಸರೀತಿಯೇನು ತಂಗಿ?" ಎಂದ ಲಿಂಗರಾಜ್. ಕೂರಲಿಲ್ಲ, ಬಗ್ಗಿ ನಿಂತೇ ಖಾಲಿ ಹಾಳೆಯೊಂದನ್ನು ತೆರೆದ. 'ಇನ್ಸರ್ಟ್' ಒತ್ತಿ, 'ಫೈಲ್' ಎಂಬುದನ್ನು ಆರಿಸಿ, ಹಾಲೇಶನ ಫೈಲನ್ನು ತೋರಿಸಿದ. ಬಿಲ್ವದ ಎಲೆ ಸಮೇತ ಇಡೀ ಕಾರ್ಡು ಹೊಸ ಹಾಳೆಗೆ ಬಂದು ಕೂತಿತು. "ಈಗ ಏನರ ಮಾಡಬಹುದು. ಬೀಗ ಆ ಫೈಲಿನಾಗ ಉಳೀತು."

"ಇಷ್ಟನ?"

"ಇಷ್ಟ ತಂಗಿ. ಹಾಲೇಶಪ್ಪಗೂ ಗೊತ್ತಿತ್ತು. ಅವಂಗ ಹೇಳಿಕೊಟ್ಟಾಂವ ನಾನ."

ಅವಳು 'ತುಂಬು ಜೀವನ ನಡೆಸಿ' ಎಂಬುದನ್ನು ಅಳಿಸಿದಳು. ಆ ಜಾಗಕ್ಕೆ ಏನು ಬರೆಯಲಿ ಎಂದು ಸ್ವಲ್ಪ ಹೊತ್ತು ನೋಡುತ್ತ ಕೂತಳು. ಏನೂ ಹೊಳೆಯಲಿಲ್ಲ. "ಲಿಂಗೈಕ್ಯರಾದರು" ಎಂಬ ಒಂದೇ ಪದ ಸಾಲಿನ ನಡುವೆ ಬಂದು ನಿಂತಿತು. ಹಾಗೇ ಪ್ರಿಂಟ್ ಕೊಟ್ಟಳು. ಕಾರ್ಡು ನೋಡಿದ ಯಾರೂ ಏನನ್ನೂ ಗಮನಿಸಲಿಲ್ಲ. ಸುವರ್ಣಮ್ಮ ಮಾತ್ರ ಅದನ್ನು ಹಿಡಿದು ಎಲೆಗಳ ಮೇಲೆ ಬೆರಳಾಡಿಸುತ್ತ, "ಇವು ನನ್ನ ಮಗ ಬರದಾವಲ್ಲ?" ಎಂದಳು. ಸುನಿತಾ ಹೌದೆಂದಳು.

ಆರಾಧನೆ ಮುಗಿದ ಮೇಲೆ ಅಂಗಡಿ ಮಾರಿಬಿಡು ಎಂದವರೇ ಹೆಚ್ಚು. ಅವಳು ಮಾರಲಿಲ್ಲ. ಅದಕ್ಕೆ ಧೈರ್ಯವೇನೂ ಕಾರಣವಲ್ಲ. ಮನೆಯಲ್ಲಿ ಕೂತರೆ ಬಂದವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಅಂಗಡಿಯಲ್ಲಿ ಎಲ್ಲರೂ ಸ್ಕ್ರೀನ್ ನೋಡುತ್ತಿದ್ದರು. ಸಾವಿನ ಕಾರ್ಡಿಗೆ ಬಂದವರನ್ನು ಈಗ ಮೊದಲು ತೀರಿಕೊಂಡವರ ವಯಸ್ಸು ಕೇಳುತ್ತಿದ್ದಳು. ಕೆಲವರಿಗೆ ಆ ಮೂರು ಪದ ಇಡುತ್ತಿದ್ದಳು, ಕೆಲವರಿಗೆ ತೆಗೆಯುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಮುಂಜಾನೆ ಸಂಡೂರಿನ ಕಡೆಯ ಮುದುಕನೊಬ್ಬ ಬಂದು ಬಾಗಿಲಲ್ಲೇ ನಿಂತ. ಸುದ್ದಿ ಅವನಿಗೆ ಗೊತ್ತಿರಲಿಲ್ಲ.

"ಹಾಲೇಶಪ್ಪ ಅದಾನೇನಮ್ಮ?"

"ಇಲ್ರಿ ಅಜ್ಜಾರ" ಎಂದಳು ಸುನಿತಾ. ಆ ಮಾತನ್ನು ಅವಳೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು; ಎದ್ದು ಕುರ್ಚಿಯೊಂದನ್ನು ಅವನ ಕಡೆ ಸರಿಸಿದಳು. "ಒಳಗ ಬಂದು ಕುಂದ್ರಿ. ಏನಾಗಬೇಕಿತ್ತು ಹೇಳ್ರಿ."